ಕೀ ಇಲ್ಲದ ಗಾಡಿ, ಕೊಕ್ಕೆ ಮಾಸ್ತರರು

ಆ ಆಸ್ಪತ್ರೆಯಲ್ಲಿ ತಮ್ಮ ಅಪ್ಪಣೆಯಿಲ್ಲದೆ ಒಂದು ಹುಲ್ಲುಕಡ್ಡಿಯೂ ಅಲ್ಲಾಡುವುದಿಲ್ಲ ಎಂದು ನಂಬಿಕೊಂಡವರು ಇಬ್ಬರಿದ್ದರು. ಒಬ್ಬರು ದೊಡ್ಡ ಡಾಕ್ಟರು. ಇನ್ನೊಬ್ಬರು ಪಾರ್ಕಿಂಗ್ ಅಂಗಳದ ಕೊಕ್ಕೆ ಮಾಸ್ತರರು. ದೊಡ್ಡ ಡಾಕ್ಟರಿಗೆ ಈ ನಂಬಿಕೆ ಬರಲು ಅರ್ಧ ಆಯುಷ್ಯ ಹಿಡಿದಿತ್ತು. ಮಾಸ್ತರರಿಗೆ ಒಂದು ಹಲಗೆ ಸಾಕಾಯಿತು.

ಅದು ಅಂಗಳದಲ್ಲಿ ಅವರು ಕೂರುವ ಪುಟ್ಟ ಗೂಡಿನ ಗೋಡೆಗೆ ಹೊಡೆದ, ಹಸಿರು ಬಣ್ಣ ಬಳಿದ ಮರದ ಹಲಗೆ. ಅದರ ಮೇಲೆ ಸಾಲುಸಾಲಾಗಿ ಹಿತ್ತಾಳೆಯ ಕೊಕ್ಕೆಗಳು, ಒಂದೊಂದರ ಮೇಲೂ ಅಂಕಿ. ಮಂಚ, ಕುರ್ಚಿ ರಿಪೇರಿಗೆ ಬಂದಿದ್ದ ಬಡಗಿಯನ್ನು ಹಿಡಿದು ಮಾಸ್ತರರು ತಾವೇ ನಿಂತು ಮಾಡಿಸಿದ್ದು. ಗಾಡಿ ತಂದವರು ಕೀಯನ್ನು ಅವರ ಅಂಗೈಗೆ ಹಾಕಬೇಕು, ಅವರು ಅದನ್ನು ಕೊಕ್ಕೆಗೆ ತಗುಲಿಸಬೇಕು, ಆಮೇಲೆ ತಂದವರು ಒಳಗೆ ಹೋಗಿ ಬೇಕಾದ ಕಾಯಿಲೆ ತೋರಿಸಿಕೊಳ್ಳಬಹುದು. "ಕೀ ಕೈಗೆ ಬೀಳೋ ತನಕ ಕಾಲು ಎತ್ತೋ ಹಾಗಿಲ್ಲ" ಎನ್ನುವುದು ಅವರ ಕಾನೂನು. ಹಿಂದೊಮ್ಮೆ ಯಾರೋ ಕೀ ಜೇಬಿಗಿಳಿಸಿಕೊಂಡು ಒಳಗೆ ಹೋಗಿ, ಗಾಡಿ ಅಡ್ಡ ನಿಂತು, ಆಂಬುಲೆನ್ಸ್ ಬೀದಿಯಲ್ಲೇ ಅರಚುತ್ತ ನಿಲ್ಲಬೇಕಾಗಿ ಬಂದಿತ್ತು. ಅಂದಿನಿಂದ ಕಾನೂನು ಕಲ್ಲಾಯಿತು. ದೊಡ್ಡ ಡಾಕ್ಟರೂ ಅದಕ್ಕೆ ತಲೆಬಾಗಿ, ದಿನಾ ಬೆಳಿಗ್ಗೆ ಕೀ ಒಪ್ಪಿಸಿಯೇ ಮೆಟ್ಟಿಲು ಹತ್ತಿ ಹೋಗುತ್ತಿದ್ದರು. ಆ ಗಳಿಗೆಯಲ್ಲಿ ಮಾಸ್ತರರ ಮುಖದಲ್ಲಿ ಒಂದು ರೀತಿಯ ಕ್ಷಮಾಗುಣ ಕಾಣುತ್ತಿತ್ತು.

ಮಾಸ್ತರರೆಂದರೆ ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಮೊದಲು ಒಂದು ಸಿನಿಮಾ ಥಿಯೇಟರಿನ ಸೈಕಲ್ ಸ್ಟ್ಯಾಂಡಿನಲ್ಲಿದ್ದರು. ಅದು ಮುಚ್ಚಿದ ಮೇಲೆ ಇಲ್ಲಿಗೆ ಬಂದರು. "ಎರಡೂ ಕಡೆ ಜನ ಕಣ್ಣೊರೆಸಿಕೊಂಡು ಹೊರಗೆ ಬರ್ತಾರೆ. ಇಲ್ಲಿ ಇಂಟರ್‌ವಲ್ ಇಲ್ಲ, ಅಷ್ಟೇ ವ್ಯತ್ಯಾಸ" ಎನ್ನುತ್ತಿದ್ದರು. ಕೀ ನೋಡಿದರೆ ಮನುಷ್ಯನ ಗುಣ ಹೇಳುತ್ತೇನೆ ಎಂಬ ಹೆಮ್ಮೆ ಅವರಿಗಿತ್ತು. ಮೂಳೆ ಡಾಕ್ಟರ ಗೊಂಚಲಿನಲ್ಲಿ ಯಾವ ಬೀಗದ್ದೆಂದು ಅವರಿಗೇ ಗೊತ್ತಿಲ್ಲದ ಕೀಗಳಿದ್ದವು. ಚರ್ಮದ ಡಾಕ್ಟರು ಶೋರೂಮಿನ ಪ್ಲಾಸ್ಟಿಕ್ ಕವರನ್ನು ವರ್ಷಗಟ್ಟಲೆ ತೆಗೆದಿರಲಿಲ್ಲ. ಔಷಧಿ ಅಂಗಡಿಯವರ ಕೀಗೆ ದಾರ ಕಟ್ಟಿತ್ತು, ದಾರಕ್ಕೆ ಇನ್ನೊಂದು ದಾರ.

ಮನೆಯಲ್ಲೂ ಅವರ ಕೊಕ್ಕೆ ಪ್ರೀತಿ ಬಿಟ್ಟಿರಲಿಲ್ಲ. ಕೊಡೆಗೆ ಒಂದು, ಕನ್ನಡಕಕ್ಕೆ ಒಂದು, ಹೆಂಡತಿಯ ಕೈಚೀಲಕ್ಕೆ ಒಂದು. ಹೆಂಡತಿ ಬೀದಿ ಕೊನೆಯಲ್ಲಿ ಇಸ್ತ್ರಿ ಅಂಗಡಿ ನಡೆಸುತ್ತಿದ್ದರು. ಬೇರೆಯವರ ಬಟ್ಟೆಯ ಸುಕ್ಕು ತೆಗೆದೂ ತೆಗೆದೂ ಅವರ ನಾಲಿಗೆ ಚೂಪಾಗಿತ್ತು.

"ಗೋಡೇಲಿ ಇನ್ನೂ ಜಾಗ ಇದೆ ರೀ," ಎಂದರು ಒಮ್ಮೆ. "ನನಗೂ ಒಂದು ಹೊಡೆದುಬಿಡಿ. ಸಂಜೆ ಅಂಗಡಿಯಿಂದ ಬಂದು ಅಲ್ಲೇ ನೇತಾಡ್ಕೋತೀನಿ. ನಿಮಗೂ ಹುಡುಕೋ ಕೆಲಸ ಇರಲ್ಲ."

"ನಿನ್ನನ್ನ ತಡ್ಕೊಳೋ ಕೊಕ್ಕೆ ಇನ್ನೂ ಬಂದಿಲ್ಲ ಕಣೇ," ಎಂದು ಮಾಸ್ತರರು ಹೇಳಿ, ಆ ರಾತ್ರಿ ತಣ್ಣಗಿನ ಊಟ ಮಾಡಿದರು.

ಹೀಗಿರುವಾಗ ಕೀ ಇಲ್ಲದ ಗಾಡಿಗಳು ಬಂದವು.

ಮೊದಲು ಒಂದೋ ಎರಡೋ. ಆಮೇಲೆ ಇರುವೆ ಸಾಲು. ಕೀ ಎಂದರೆ ಈಗ ಒಂದು ಕರಿಯ ತುಂಡು, ಸವೆದ ಸೋಪಿನ ಹಾಗೆ. ಅದಕ್ಕೆ ಹಲ್ಲಿಲ್ಲ, ಮುಖವಿಲ್ಲ. ಜೇಬಲ್ಲಿಟ್ಟುಕೊಂಡು ಹತ್ತಿರ ಬಂದರೆ ಗಾಡಿ ತಾನೇ ಬಾಗಿಲು ಬಿಚ್ಚುತ್ತದೆ, ಬಟನ್ ಒತ್ತಿದರೆ ಹೊರಡುತ್ತದೆ, ದೂರ ಹೋದರೆ ತಾನೇ ಬೀಗ ಹಾಕಿಕೊಳ್ಳುತ್ತದೆ. ಒಂದು ಹೆಗಲ ಮೇಲೆ ಜ್ವರದ ಮಗು, ಇನ್ನೊಂದು ಕೈಯಲ್ಲಿ ಚೀಲ, ಹಲ್ಲಿನಲ್ಲಿ ಔಷಧಿ ಚೀಟಿ ಕಚ್ಚಿಕೊಂಡು ಬಂದ ತಾಯಂದಿರಿಗೆ ಗಾಡಿ ತಾನಾಗಿ ತೆರೆದುಕೊಳ್ಳುವುದನ್ನು ನೋಡಿದಾಗ ಮಾಸ್ತರರೂ "ಇದೊಂದು ಪರವಾಗಿಲ್ಲ" ಎಂದು ಒಪ್ಪುತ್ತಿದ್ದರು. ಉಳಿದ ಹೊತ್ತೆಲ್ಲ ಹಲ್ಲು ಕಡಿಯುತ್ತಿದ್ದರು.

ಕಡಿಯಲು ಕಾರಣವೂ ಇತ್ತು. ಆ ಸೋಪುಗಳನ್ನು ಹಲಗೆಗೆ ತಗುಲಿಸಿದರೆ, ಗೂಡಿನ ಮುಂದೆ ನಿಂತ ಗಾಡಿಗಳೆಲ್ಲ ತಮ್ಮ ಯಜಮಾನರು ಬಂದರೆಂದು ತಿಳಿದು ಬೀಗ ತೆರೆದುಕೊಂಡು ಕೂರುತ್ತಿದ್ದವು. ಒಬ್ಬ ಮಗ ಅಪ್ಪನನ್ನು ಬಾಗಿಲಲ್ಲಿ ಇಳಿಸಿ ಹಾಗೇ ಮನೆಗೆ ಹೋದ. ಕೀ ಅಪ್ಪನ ಜೇಬಲ್ಲಿ, ಅಪ್ಪ ಸ್ಕ್ಯಾನಿಂಗ್ ಯಂತ್ರದೊಳಗೆ. ಮನೆ ಮುಂದೆ ಗಾಡಿ ಆಫ್ ಮಾಡಿದವನು ಮತ್ತೆ ಹೊರಡಲಾರದೆ ಫೋನಿನಲ್ಲಿ ಮಾಸ್ತರರಿಗೆ ಬೈದ. ಹಲ್ಲಿನ ಡಾಕ್ಟರ ಕೀಯ ಬ್ಯಾಟರಿ ಸತ್ತು, ಅವರು ತಮ್ಮದೇ ಗಾಡಿಯ ಹಿಡಿಯನ್ನು ಜಗ್ಗುತ್ತ ನಿಂತಾಗ ಮಾಸ್ತರರು ದೂರದಿಂದಲೇ "ಸಾರ್, ಇಂಜೆಕ್ಷನ್ ಕೊಟ್ಟು ಎಳೀರಿ" ಎಂದು ಕೂಗಿ ಸೇಡು ತೀರಿಸಿಕೊಂಡರು. ಆದರೆ ದೊಡ್ಡ ಪೆಟ್ಟು ಇದ್ಯಾವುದೂ ಅಲ್ಲ. ಜನ ಕೀ ಕೊಡುವುದನ್ನೇ ಬಿಟ್ಟರು. ಮರೆತೇಬಿಡುತ್ತಿದ್ದರು. ಎಂಜಿನ್ ಗುರುಗುಡುತ್ತಿರುವಾಗಲೇ ಇಳಿದು ನಡೆದುಬಿಡುತ್ತಿದ್ದರು. ಮಾಸ್ತರರು "ಕೀ! ಸಾರ್, ಕೀ!" ಎಂದು ಹಿಂದೆ ಓಡಬೇಕು. ಹಲಗೆಯಲ್ಲಿ ಖಾಲಿ ಕೊಕ್ಕೆಗಳು ಹೆಚ್ಚಿದ ಹಾಗೆಲ್ಲ ಮಾಸ್ತರರ ದನಿ ಏರಿತು.

ಅಂಥ ದಿನಗಳಲ್ಲೊಂದು ಬೆಳಿಗ್ಗೆ, ಬಿಸಿಲು ಚುರುಕಾಗುವ ಹೊತ್ತಿಗೆ, ಒಂದು ಹೊಚ್ಚ ಹೊಸ ಬಿಳಿ ಗಾಡಿ ನೇರವಾಗಿ ಎಮರ್ಜೆನ್ಸಿ ಬಾಗಿಲಿಗೆ ಬಂದು ನಿಂತಿತು. ಇಳಿದವರು ಪೇಟೆಯಲ್ಲಿ ಕನ್ನಡಕದ ಅಂಗಡಿ ಇಟ್ಟವರು. ಎತ್ತರದ ಆಳು, ಇಸ್ತ್ರಿ ಮುರಿಯದ ಅಂಗಿ. ಒಬ್ಬರೇ ಬಂದಿದ್ದರು. ತಮ್ಮ ಕಾಲಮೇಲೆ ತಾವೇ ನಡೆಯುತ್ತಿದ್ದರು. ಯಾರನ್ನೋ ನೋಡಲು ಬಂದಿದ್ದಾರೆ ಎಂದುಕೊಂಡರು ಮಾಸ್ತರರು. ಬಂದವರೇ ಗಾಡಿ ಆಫ್ ಮಾಡದೆ ಮೆಟ್ಟಿಲ ಕಡೆ ಹೊರಟರು. ಮಾಸ್ತರರು ಅಡ್ಡ ನಿಂತು ಅಂಗೈ ಚಾಚಿದರು.

ಬೇರೆ ಯಾರಾದರೂ ಆಗಿದ್ದರೆ ಒಂದೋ ಕೀ ಎಸೆದು ಹೋಗುತ್ತಿದ್ದರು, ಇಲ್ಲವೇ ಬೈದು ಹೋಗುತ್ತಿದ್ದರು. ಕನ್ನಡಕದವರು ನಿಂತರು. ಹೊಸ ಗಾಡಿ ಕೊಂಡವರಿಗೆ, ಅದರ ಬಗ್ಗೆ ಏನೂ ತಿಳಿಯದ ಮನುಷ್ಯನೊಬ್ಬ ತಾನಾಗಿ ಎದುರು ಬಂದು ನಿಲ್ಲುವುದು ದಿನಾ ಸಿಗುವ ಭಾಗ್ಯವಲ್ಲ. ಅವರು ನಗುತ್ತ ವಿವರಿಸತೊಡಗಿದರು. ಮಾಸ್ತರರು ತಮ್ಮ ಕಾನೂನು ಹೇಳಿದರು. ಅವರು ಮತ್ತೂ ವಿವರಿಸಿದರು. ಒಬ್ಬರಿಗೆ ಹಲಗೆಯ ಮರ್ಯಾದೆ, ಇನ್ನೊಬ್ಬರಿಗೆ ಗಾಡಿಯ ಮರ್ಯಾದೆ. ಹಾಗೆ ಇಬ್ಬರೂ ಬಿಸಿಲಲ್ಲಿ ನಿಂತು, ಇಬ್ಬರೂ ಬಿಟ್ಟುಕೊಡಲಿಲ್ಲ. ಕೊನೆಗೆ ಕನ್ನಡಕದವರು ಮಾತು ಅರ್ಧಕ್ಕೇ ನಿಲ್ಲಿಸಿ ಒಳಗೆ ಹೋದರು. ಕೀ ಅವರ ಜೇಬಲ್ಲೇ ಹೋಯಿತು.

ಅವರ ಹಣೆಯಲ್ಲಿ ಬೆವರಿತ್ತು. ಮಾಸ್ತರರು ನೋಡಿದ್ದರು. ಬಿಸಿಲಿಗೆ ಎಂದುಕೊಂಡಿದ್ದರು.

ಗಾಡಿ ಹೇಗೂ ಚಾಲೂ ಇತ್ತಲ್ಲ, ಮಾಸ್ತರರು ಅದನ್ನು ಒಯ್ದು ಅಂಗಳದ ಕೊನೆಯಲ್ಲಿ, ಆಸ್ಪತ್ರೆಯ ಪಕ್ಕದ ಗೋಡೆಗೆ ಒತ್ತಿ ನಿಲ್ಲಿಸಿ, ಬಟನ್ ಒತ್ತಿ ಆಫ್ ಮಾಡಿದರು. ಮುಂದಿನ ಪುಟ್ಟ ಪರದೆಯ ಮೇಲೆ ಕೀ ಕಾಣಿಸುತ್ತಿಲ್ಲ ಎಂಬ ಸೂಚನೆ ಮೂಡಿತು. "ನನಗೂ ಕಾಣಿಸ್ಲಿಲ್ಲಪ್ಪ, ನಿನಗೆಲ್ಲಿಂದ ಕಾಣಿಸ್ಬೇಕು" ಎಂದು ಅದಕ್ಕೆ ಹೇಳಿ ಇಳಿದರು. ತಾವು ಅಂದ ಮಾತು ತಮಗೇ ಹಿಡಿಸಿತು. ಟೀ ಕುಡಿಯುವಾಗ ಗೇಟಿನ ಕಾವಲುಗಾರನಿಗೆ ಅದನ್ನು ಮತ್ತೊಮ್ಮೆ ಹೇಳಿ ನಕ್ಕರು.

ನಗು ಮುಗಿಯುವ ಮೊದಲೇ ಸಿಸ್ಟರ್ ಒಬ್ಬರು ಹೊರಗೆ ಬಂದರು. "ಮಾಸ್ತರ್ರೇ, ಈಗ ಒಳಗೆ ಬಂದ್ರಲ್ಲ, ಎತ್ತರದವರು, ಅವರ ಜೊತೆ ಯಾರಾದ್ರೂ ಇದ್ರಾ?"

"ಯಾರೂ ಇಲ್ಲ ಸಿಸ್ಟರ್, ಒಬ್ಬರೇ. ಯಾಕೆ?"

"ಹೆಸರು ಹೇಳೋಷ್ಟರಲ್ಲೇ ಬಿದ್ದುಬಿಟ್ರು. ಹಾರ್ಟು. ಡಾಕ್ಟರು ತುಂಬಾ ಪ್ರಯತ್ನ ಪಟ್ರು." ಸಿಸ್ಟರ್ ಕೈಯೊರೆಸಿಕೊಂಡರು. "ಮನೆಯವರಿಗೆ ಫೋನ್ ಮಾಡ್ಬೇಕು."

ಮಾಸ್ತರರ ಕೈಯಲ್ಲಿದ್ದ ಟೀ ಹಾಗೇ ಆರಿತು.

ಮಧ್ಯಾಹ್ನ ಕನ್ನಡಕದವರನ್ನು ಸ್ಟ್ರೆಚರಿನ ಮೇಲೆ ಹಿಂದಿನ ಶವಾಗಾರಕ್ಕೆ ಸಾಗಿಸಿದರು. ದಾರಿ ಪಾರ್ಕಿಂಗ್ ಅಂಗಳದ ಅಂಚಿನಲ್ಲೇ. ಮೇಲೆ ಬಿಳಿ ಬಟ್ಟೆ, ಕಾಲ ಬಳಿ ಅವರ ಅಂಗಿ, ಪ್ಯಾಂಟು, ಗಡಿಯಾರ ತುಂಬಿದ ಒಂದು ಪ್ಲಾಸ್ಟಿಕ್ ಚೀಲ. ಸ್ಟ್ರೆಚರ್ ಆ ಬಿಳಿ ಗಾಡಿಯ ಪಕ್ಕಕ್ಕೆ ಬಂದಿತು. ಆಗ ಗಾಡಿ ಎಚ್ಚರಾಯಿತು.

ಮೊದಲು ದೀಪಗಳು ಮೆಲ್ಲಗೆ ಹೊತ್ತಿದವು. ಮಡಚಿಕೊಂಡಿದ್ದ ಎರಡು ಕನ್ನಡಿಗಳು ಕಿವಿ ನಿಮಿರಿಸಿದ ಹಾಗೆ ಬಿಚ್ಚಿಕೊಂಡವು. ಕಟಕ್ ಎಂದು ಬಾಗಿಲುಗಳ ಬೀಗ ತೆರೆಯಿತು. ಸ್ಟ್ರೆಚರ್ ತಳ್ಳುತ್ತಿದ್ದವರು ನಿಂತುಬಿಟ್ಟರು. ಒಬ್ಬ ಸುಮ್ಮನೆ ತಲೆ ಬಗ್ಗಿಸಿದ. ಸಿಸ್ಟರ್ ಬಾಯಿಗೆ ಕೈ ಹಿಡಿದರು. ಆಮೇಲೆ ಸ್ಟ್ರೆಚರ್ ಮುಂದೆ ಹೋಯಿತು. ಅದು ಮೂಲೆ ತಿರುಗಿದ ಮೇಲೆ ಗಾಡಿ ಇನ್ನಷ್ಟು ಹೊತ್ತು ಕಾದು, ದೀಪ ಆರಿಸಿ, ಕನ್ನಡಿ ಮಡಚಿ, ಬೀಗ ಹಾಕಿಕೊಂಡಿತು.

ಚೀಲದಲ್ಲಿ ಕೀ ಇತ್ತು, ಅದಕ್ಕೇ ಹಾಗಾಯಿತು ಎನ್ನುವುದು ಎಲ್ಲರಿಗೂ ಒಂದು ಕ್ಷಣದಲ್ಲೇ ತಿಳಿಯಿತು. ತಿಳಿದಿದ್ದರಿಂದ ಯಾರಿಗೂ ಏನೂ ಉಪಯೋಗವಾಗಲಿಲ್ಲ.

ದೇಹವನ್ನು ಅವರ ಭಾವಮೈದುನ ಬಂದು ಒಯ್ದರು. ಚೀಲ ಮಾತ್ರ ಆಸ್ಪತ್ರೆಯಲ್ಲೇ ಉಳಿಯಿತು. ಬೆಲೆಬಾಳುವ ವಸ್ತುಗಳಿಗೆ ಹೆಂಡತಿಯೇ ಬಂದು ಸಹಿ ಹಾಕಬೇಕೆಂದು ಆಸ್ಪತ್ರೆಗೂ ಒಂದು ಕಾನೂನಿತ್ತು. ಆ ಹೆಂಗಸು ಮನೆಯ ಹೊಸಿಲು ದಾಟುವ ಸ್ಥಿತಿಯಲ್ಲಿರಲಿಲ್ಲ. ಇನ್ನೊಂದು ಕೀಯನ್ನು ಕನ್ನಡಕದವರು ಮನೆಯಲ್ಲಿ ಎಲ್ಲಿಟ್ಟಿದ್ದರೋ ಯಾರಿಗೂ ಗೊತ್ತಿಲ್ಲವಂತೆ. ಹಾಗಾಗಿ ಗಾಡಿ ಗೋಡೆಗೊರಗಿ ಅಲ್ಲೇ ನಿಂತಿತು. ಧೂಳು ಕೂತಿತು, ಎಲೆ ಬಿತ್ತು.

ಮಾಸ್ತರರು ಮನೆಯಲ್ಲಿ ವಿಷಯ ಹೇಳಿದರು.

"ನೀವೇನು ಅವರನ್ನ ಹಿಡಿದು ಕಟ್ಟಿಹಾಕಿದ್ರಾ?" ಎಂದರು ಹೆಂಡತಿ. "ಕೀ ಕೇಳಿದ್ರಿ. ಅದು ನಿಮ್ಮ ಕೆಲಸ."

"ಅವರು ನಿಂತು ಮಾತಾಡಿದ್ರು ಕಣೇ. ನಾನು ಬಿಟ್ಟಿದ್ರೆ ಹೋಗ್ತಿದ್ರು. ನಾನೂ ಎದುರು ಮಾತಾಡಿದೆ."

"ಎಷ್ಟು ಹೊತ್ತು?"

"ಅದೇ ಗೊತ್ತಾಗ್ತಿಲ್ಲ. ನೆನೆಸಿಕೊಂಡಾಗೆಲ್ಲ ಉದ್ದ ಆಗ್ತಾ ಹೋಗತ್ತೆ."

ಹೆಂಡತಿ ಚೂಪು ಮಾತನ್ನು ಬದಿಗಿಟ್ಟರು. ಅವರ ತಟ್ಟೆಗೆ ಇನ್ನಷ್ಟು ಬಡಿಸಿದರು.

ಆಸ್ಪತ್ರೆಯಲ್ಲಿ ಮಾಸ್ತರರು ಹಾರ್ಟಿನ ಡಾಕ್ಟರನ್ನು ಲಿಫ್ಟಿನ ಬಳಿ ಹಿಡಿದರು. "ಸಾರ್, ಆವತ್ತಿನ ಕನ್ನಡಕದವರು... ಸ್ವಲ್ಪ ಮುಂಚೆ ಒಳಗೆ ಬಂದಿದ್ರೆ?"

"ಸ್ವಲ್ಪ ಅಂದ್ರೆ?"

"ಒಂದು ಮಾತಾಡೋಷ್ಟು."

ಡಾಕ್ಟರು ಯೋಚಿಸಿದರು. ಯೋಚಿಸಿದ್ದೇ ತಪ್ಪಾಯಿತು. "ಹೇಳೋಕಾಗಲ್ಲ ಮಾಸ್ತರ್ರೇ. ಕೆಲವು ಸಲ ಅರ್ಧ ಗಂಟೆ ಮುಂಚೆ ಬಂದ್ರೂ ಏನೂ ಮಾಡೋಕಾಗಲ್ಲ. ಇನ್ನು ಕೆಲವು ಸಲ..." ಎನ್ನುವಷ್ಟರಲ್ಲಿ ಲಿಫ್ಟ್ ಬಂದು, ಅವರನ್ನು ನುಂಗಿ, ಬಾಗಿಲು ಮುಚ್ಚಿಕೊಂಡಿತು. ಆ ಇನ್ನು ಕೆಲವು ಸಲವನ್ನು ಮಾಸ್ತರರು ಮನೆಗೆ ತೆಗೆದುಕೊಂಡು ಹೋದರು.

ಅದಕ್ಕಿಂತ ಹೆಚ್ಚಾಗಿ ಅವರನ್ನು ಕಾಡಿದ್ದು ಇನ್ನೊಂದು. ಆ ಮೆಟ್ಟಿಲ ಬಳಿ ಕನ್ನಡಕದವರು ಆಡಿದ ಮಾತಿನಲ್ಲಿ ತಮ್ಮ ಹೆಂಡತಿಯ ವಿಷಯವೂ ಬಂದಿತ್ತು. ಒಳಗೆ ಹೋಗಿ ಅವರು ಹೆಸರು ಹೇಳಿದ್ದಷ್ಟೇ. ಅಂದರೆ ಮನುಷ್ಯನೊಬ್ಬ ಲೋಕದಲ್ಲಿ ಕೊನೆಯದಾಗಿ ಆಡಿದ ಮಾತು ಈಗ ಒಬ್ಬ ಪಾರ್ಕಿಂಗಿನವನ ಕಿವಿಯಲ್ಲಿತ್ತು, ಅದು ಸೇರಬೇಕಾದದ್ದು ಬೇರೊಬ್ಬರಿಗೆ. ಅದನ್ನು ಒಪ್ಪಿಸಬೇಕಾದರೆ, ಆ ಹೊತ್ತಿನಲ್ಲಿ ಅವರು ಯಾಕೆ ನಿಂತು ಮಾತಾಡುತ್ತಿದ್ದರು ಎನ್ನುವುದನ್ನೂ ಹೇಳಬೇಕು. ಜೀವಮಾನವಿಡೀ ಬೇರೆಯವರ ವಸ್ತುವನ್ನು ಕೇಳಿದವರಿಗೆ ಜೋಪಾನವಾಗಿ ಹಿಂತಿರುಗಿಸಿದ ಹೆಮ್ಮೆಯ ಮಾಸ್ತರರು, ಈ ಒಂದನ್ನು ಬಚ್ಚಿಟ್ಟುಕೊಂಡು ಓಡಾಡತೊಡಗಿದರು.

ಈ ನಡುವೆ ಗಾಡಿ ಮತ್ತೆ ಕಣ್ಣು ತೆರೆಯಿತು.

ಹಾಡಹಗಲು, ಸುತ್ತ ಯಾರೂ ಇಲ್ಲ. ದೀಪ ಹೊತ್ತಿತು, ಕನ್ನಡಿ ಬಿಚ್ಚಿತು, ಕಟಕ್. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಮುಚ್ಚಿಕೊಂಡಿತು. ಮಾರನೆಯ ದಿನ ಇನ್ನೊಮ್ಮೆ. ಕೆಲವು ದಿನ ಏನೂ ಇಲ್ಲ. ಕೆಲವು ದಿನ ಬೆಳಗಿನಿಂದ ಸಂಜೆಯೊಳಗೆ ಮೇಲಿಂದ ಮೇಲೆ. ಗೇಟಿನ ಕಾವಲುಗಾರ ಆ ಕಡೆ ಸುಳಿಯುವುದನ್ನೇ ಬಿಟ್ಟ.

"ಅವರು ಬಂದು ಹತ್ತಿ ಕೂತ್ಕೋತಾರೆ ಮಾಸ್ತರ್ರೇ," ಎಂದ.

"ಹತ್ತಿ ಕೂತವರು ಬಟನ್ ಒತ್ತಿ ಮನೆಗೆ ಹೋಗ್ಬಾರದಾ? ನನ್ನ ಜಾಗನಾದ್ರೂ ಖಾಲಿ ಆಗತ್ತೆ," ಎಂದು ಮಾಸ್ತರರು ಧೈರ್ಯದಿಂದ ಹೇಳಿದರು. ಹೇಳುವಾಗ ಬೆನ್ನನ್ನು ಗೂಡಿನ ಗೋಡೆಗೆ ಆನಿಸಿಕೊಂಡಿದ್ದರು.

ಗುಟ್ಟು ರಟ್ಟು ಮಾಡಿದವರು ಬೀರು ಅಕ್ಕ. ರೋಗಿಗಳ ಸಾಮಾನು ಇಡುವ ಕೋಣೆ ಇವರದ್ದು. ಅಲ್ಲಿ ಒಂದು ಉದ್ದನೆಯ ಕಬ್ಬಿಣದ ಬೀರು, ಒಂದು ಮೇಜು, ಮೇಜಿನ ಹಿಂದೆ ಇವರು. ಆ ಕೋಣೆಯ ಕಿಟಕಿ ಸರಿಯಾಗಿ ಬಿಳಿ ಗಾಡಿಯ ಮೂತಿಯ ಮುಂದೆಯೇ ಇತ್ತು. ಮಾಸ್ತರರು ಗಾಡಿಯ ಎದುರು ಕಂಬದ ಹಾಗೆ ನಿಂತದ್ದನ್ನು ನೋಡಿ ಅವರು ಕಿಟಕಿಯಿಂದ ಕರೆದರು.

"ಏನಣ್ಣ, ದಿನಾ ಬಂದು ಇದರ ಮುಖ ನೋಡ್ತಾ ನಿಂತಿರ್ತೀರಿ? ಹೆಣ್ಣು ನೋಡೋಕೆ ಬಂದವರ ಹಾಗೆ."

"ಇದು ತಾನೇ ತೆರ್ಕೊಳತ್ತೆ ಅಕ್ಕ."

"ಅದಾ? ನೋಡಿ ಇಲ್ಲಿ." ಅವರು ಬೀರಿನ ಬಾಗಿಲು ತೆರೆದು, ಸಾಮಾನು ಸರಿಸಿ, ಕನ್ನಡಕದವರ ಚೀಲವನ್ನು ಎತ್ತಿ ಅಲುಗಿಸಿದರು. ಹೊರಗೆ ದೀಪ ಹೊತ್ತಿತು. "ಅಲ್ಲಾಡದೆ ಇದ್ರೆ ಈ ಕೀಗಳು ನಿದ್ದೆ ಮಾಡ್ತವಂತೆ, ನಮ್ಮ ಮೈದುನ ಹೇಳ್ದ. ಅಲ್ಲಾಡಿಸಿದ್ರೆ ಏಳ್ತವೆ. ನಾನು ಬೀರು ತೆಗೆದು ಯಾರದ್ದಾದ್ರೂ ಚೀಲ ಇಟ್ಟಾಗ, ತೆಗೆದಾಗ, ಇದು ಕುಲುಕತ್ತೆ. ಅಷ್ಟೇ. ನಿಮ್ಮ ದೆವ್ವ ನಾನೇ."

ಮಾಸ್ತರರು ನಕ್ಕರು. ಭಯ ಹೋಯಿತೆಂದು ಎಲ್ಲರಿಗೂ ಹೇಳಿದರು. ಕಾವಲುಗಾರನಿಗೆ ಅವನ ಬುದ್ಧಿ ಎಷ್ಟೆಂದು ವಿವರವಾಗಿ ತಿಳಿಸಿದರು. ಗೂಡಿಗೆ ಬಂದು ಕೂತ ಮೇಲೆ ಅವರಿಗೆ ಹೊಳೆಯಿತು: ಆ ಬೀರು ತೆಗೆಯುವುದು ಯಾವಾಗ? ಎಚ್ಚರವಿಲ್ಲದೆ ಬಂದವರ, ಒಂಟಿಯಾಗಿ ಬಂದವರ ಉಂಗುರ, ಗಡಿಯಾರ, ಚಪ್ಪಲಿ ಇಡಲು. ವಾಸಿಯಾದವರು ಎದ್ದು ಹೋಗುವಾಗ ಅದನ್ನು ಕೊಡಲು. ವಾಸಿಯಾಗದವರದ್ದನ್ನು ಮನೆಯವರಿಗೆ ಒಪ್ಪಿಸಲು. ಅಂದರೆ ಈ ಗಾಡಿ ಕಣ್ಣು ತೆರೆದಾಗಲೆಲ್ಲ ಒಳಗೆ ಯಾರದೋ ಬದುಕು ಒಂದು ಕಡೆಗೆ ತಿರುಗಿದೆ. ಯಾವ ಕಡೆಗೆ ಎಂದು ದೀಪ ಹೇಳುವುದಿಲ್ಲ.

ದೆವ್ವವಾಗಿದ್ದರೆ ಒಬ್ಬರದೇ ಕಾಟ. ಇದು ಆಸ್ಪತ್ರೆಯ ಎಲ್ಲರದ್ದೂ.

ಅಂದಿನಿಂದ ದೀಪ ಹೊತ್ತಿದ ಕೂಡಲೇ ಮಾಸ್ತರರು ಇದ್ದ ಕೆಲಸ ಬಿಟ್ಟು ಕಿಟಕಿಗೆ ಓಡತೊಡಗಿದರು. "ಅಕ್ಕ, ಯಾರು? ಒಳಗಾ, ಹೊರಗಾ?"

"ಬಳೆ ಅಂಗಡಿ ಅಜ್ಜಿ. ನಡ್ಕೊಂಡೇ ಮನೆಗೆ ಹೋದ್ರು. ನೀವು ಹೋಗಿ, ಅಲ್ಲಿ ಯಾರೋ ಹಾರ್ನ್ ಹೊಡೀತಿದ್ದಾರೆ."

ಕೆಲವು ಸಲ ಬೀರು ಅಕ್ಕ ಕಿಟಕಿಯ ಬಾಗಿಲನ್ನು ಮೆಲ್ಲಗೆ ಎಳೆದುಕೊಳ್ಳುತ್ತಿದ್ದರು.

ಎಮರ್ಜೆನ್ಸಿ ಬಾಗಿಲಿಗೆ ಬಂದವರ ಬಳಿ ಕೀ ಕೇಳುವುದನ್ನು ಮಾಸ್ತರರು ನಿಲ್ಲಿಸಿದರು. ಅಲ್ಲಿ ಗಾಡಿಗಳು ಅಡ್ಡಾದಿಡ್ಡಿ ನಿಂತವು. ದೊಡ್ಡ ಡಾಕ್ಟರು ಗೂಡಿನ ಮುಂದೆ ಬಂದು, "ಏನ್ರೀ ಮಾಸ್ತರ್ರೇ, ನಿಮ್ಮ ಕಾನೂನು ಎಲ್ಲೋಯ್ತು?" ಎಂದರು. ಮಾಸ್ತರರು ಹಲಗೆಯ ಕಡೆ ನೋಡಿದರು, ಅದೇ ಉತ್ತರ ಹೇಳಲಿ ಎಂಬಂತೆ.

ಕನ್ನಡಕದವರ ಹೆಂಡತಿ ಬಂದದ್ದು ವಾರಗಳು ಕಳೆದ ಮೇಲೆ. ಬಿಸಿಲಿಳಿಯುತ್ತಿತ್ತು. ಬಡಕಲು ಮೈ, ಹಿಡಿಯಲ್ಲಿ ಬಟ್ಟೆಯ ಚೀಲ. ಬೀರು ಅಕ್ಕನ ಕೋಣೆಯಲ್ಲಿ ಸಹಿ ಹಾಕಿ ಹೊರಗೆ ಬಂದರು. ಗಾಡಿ ಅವರನ್ನು ನೋಡಿ ಎಂದಿನಂತೆ ಎದ್ದು ಕೂತಿತು. ಅವರು ಬೆಚ್ಚಿ ಒಂದು ಹೆಜ್ಜೆ ಹಿಂದೆ ಸರಿದರು.

"ನನಗೆ ಇದು ಓಡ್ಸೋಕೆ ಬರಲ್ಲ," ಎಂದರು ಮಾಸ್ತರರಿಗೆ. "ತಮ್ಮ ಬರ್ತೀನಿ ಅಂದಿದ್ದ. ಆಫೀಸಲ್ಲಿ ಬಿಡಲಿಲ್ಲವಂತೆ. ನೀವು ಗಾಡಿಯವರಂತಲ್ಲ. ಮನೆ ತನಕ ತಂದುಕೊಡ್ತೀರಾ? ದೂರ ಇಲ್ಲ."

ಅಂಗಳದ ಗೇಟಿನಿಂದಾಚೆ ಬೇರೆಯವರ ಗಾಡಿ ಮುಟ್ಟುವುದಿಲ್ಲ ಎನ್ನುವುದೂ ಮಾಸ್ತರರ ಕಾನೂನೇ. ಅವರು ಟೋಪಿ ತೆಗೆದು ಗೂಡಿನಲ್ಲಿಟ್ಟು ಬಂದರು.

ಬಾಗಿಲು ತೆರೆದ ಕೂಡಲೇ ಸೀಟು ತಾನಾಗಿ ಸುಯ್ಯೆಂದು ಹಿಂದಕ್ಕೆ ಸರಿಯಿತು. ಆ ಕೀಯ ಯಜಮಾನರ ಕಾಲಿನ ಉದ್ದವನ್ನು ಗಾಡಿ ನೆನಪಿಟ್ಟುಕೊಂಡಿತ್ತು. ಮಾಸ್ತರರು ಕುಳ್ಳು ಮನುಷ್ಯ. ಕೂತರೆ ಪೆಡಲ್ ಎಲ್ಲೋ ದೂರದ ಊರಿನಲ್ಲಿತ್ತು. ಸೀಟು ಎಳೆದುಕೊಳ್ಳಲು ಕೈ ಹಾಕಿದರು.

"ಬೇಡ," ಎಂದರು ಆಕೆ ಪಕ್ಕದ ಸೀಟಿನಿಂದ. ಆಮೇಲೆ, "ಅವರು ಎತ್ತರ," ಎಂದರು.

ಮಾಸ್ತರರು ಸೀಟಿನ ತುದಿಯಲ್ಲಿ ಹಕ್ಕಿಯ ಹಾಗೆ ಕೂತು, ಕತ್ತು ಚಾಚಿ, ಸ್ಟೀರಿಂಗಿಗೆ ಜೋತುಬಿದ್ದು ಗಾಡಿ ಹೊರಡಿಸಿದರು. ಗೇಟಿನ ಕಾವಲುಗಾರ ಸೆಲ್ಯೂಟ್ ಹೊಡೆದ. ಯಾರಿಗೆ ಹೊಡೆದನೋ.

ದಾರಿಯಲ್ಲಿ ಆಕೆ ಕಿಟಕಿಯಾಚೆ ನೋಡುತ್ತ ಹೇಳಿದರು. "ಟೈರಿಗೆ ಗಾಳಿ ಹಾಕಿಸಿಕೊಂಡು ಬರ್ತೀನಿ ಅಂತ ಹೇಳಿ ಹೋದ್ರು. ನೋವು ಅಂತ ನನ್ನ ಹತ್ರ ಹೇಳ್ಲೇ ಇಲ್ಲ. ಆಸ್ಪತ್ರೇಲಿ ಕೇಳ್ದೆ, ಯಾರ ಹತ್ರ ಏನಾದ್ರೂ ಹೇಳಿದ್ರಾ ಅಂತ. ಯಾರಿಗೂ ಗೊತ್ತಿಲ್ಲ."

ಮುಂದೆ ಸಿಗ್ನಲ್ ಕೆಂಪಾಗಿತ್ತು. ಮಾಸ್ತರರು ಕಾಲು ಚಾಚಿ ಬ್ರೇಕ್ ಒತ್ತಿದರು. ಸುಮ್ಮನಿದ್ದುಬಿಡಬಹುದಿತ್ತು. ಹಸಿರು ಬಂದಿದ್ದರೆ ಸುಮ್ಮನಿರುತ್ತಿದ್ದರೋ ಏನೋ. ಬರಲಿಲ್ಲ.

"ನನ್ನ ಹತ್ರ ಮಾತಾಡಿದ್ರಮ್ಮ," ಎಂದರು.

ಆಕೆ ತಿರುಗಿದರು.

"ಮೆಟ್ಟಿಲ ಹತ್ರ. ನಾನೇ ಅಡ್ಡ ನಿಂತಿದ್ದೆ. ಕೀ ಕೊಟ್ಟು ಹೋಗಿ ಅಂತ. ಅವರು ಹೋಗ್ತಿದ್ರು, ನಾನೇ ನಿಲ್ಸಿದ್ದು. ಇದಕ್ಕೆ ಕೀ ಬೇಕಾಗಲ್ಲ ಅಂತ ಅವರು ಹೇಳಿದ್ರು. ನಾನು ಕೇಳ್ಲಿಲ್ಲ. ವಾದ ಮಾಡ್ದೆ. ಹಣೆ ಬೆವರಿತ್ತು. ನೋಡ್ದೆ. ಆದ್ರೂ ಬಿಡ್ಲಿಲ್ಲ."

ಹಸಿರಾಯಿತು. ಹಿಂದಿನವರು ಹಾರ್ನ್ ಹೊಡೆದರು. ಗಾಡಿ ಮುಂದೆ ಹೋಯಿತು.

ಮುಂದಿನ ತಿರುವಿನಲ್ಲಿ ಆಕೆ ಕೇಳಿದರು. "ನಿಲ್ಲಿಸದೇ ಇದ್ದಿದ್ರೆ ಬದುಕ್ತಿದ್ರಾ?"

"ಗೊತ್ತಿಲ್ಲಮ್ಮ. ಡಾಕ್ಟರನ್ನ ಕೇಳ್ದೆ. ಅವರಿಗೂ ಗೊತ್ತಿಲ್ಲ."

"ಹಾಗಾದ್ರೆ ನನಗೂ ಗೊತ್ತಿಲ್ಲದೇನೇ ಇರ್ಬೇಕು."

ಅದರಲ್ಲಿ ಕೋಪವಿತ್ತೋ ಇಲ್ಲವೋ ಮಾಸ್ತರರಿಗೆ ತಿಳಿಯಲಿಲ್ಲ. ಮನೆ ಬಂತು. ಸಣ್ಣ ಗೇಟು, ಒಣಗಿದ ಕುಂಡಗಳು. ಗಾಡಿ ನಿಲ್ಲಿಸಿ ಬಟನ್ ಒತ್ತಿದರು. ಎಂಜಿನ್ ಸುಮ್ಮನಾಯಿತು. ಆಕೆ ಇಳಿಯಲಿಲ್ಲ. ಕೀಯನ್ನು ಅಂಗೈಯಲ್ಲಿ ತಿರುಗಿಸುತ್ತ ಕೂತಿದ್ದರು.

"ಏನಂದ್ರು?"

"ಅಂದ್ರೆ?"

"ನಿಮ್ಮ ಹತ್ರ ನಿಂತು ಮಾತಾಡಿದ್ರಲ್ಲ. ಏನು ಹೇಳಿದ್ರು ಅಂತ ಹೇಳಿ. ಸುಮಾರಾಗಿ ಬೇಡ. ಅವರಂದಿದ್ದು ಅಂದ ಹಾಗೇ ಹೇಳಿ."

ಮಾಸ್ತರರಿಗೆ ನೆನಪು ಮಾಡಿಕೊಳ್ಳುವ ಕಷ್ಟವಿರಲಿಲ್ಲ. ಇಷ್ಟು ದಿನ ಆ ಮಾತು ಅವರ ಕಿವಿಯಲ್ಲಿ ತಾನಾಗಿ ಓಡುತ್ತಲೇ ಇತ್ತು, ಒಂದಕ್ಷರ ಸವೆದಿರಲಿಲ್ಲ. ಅವರು ಸ್ಟೀರಿಂಗ್ ಹಿಡಿದುಕೊಂಡೇ, ತಮ್ಮದಲ್ಲದ ದನಿಯಲ್ಲಿ, ಶುರು ಮಾಡಿದರು.

"ಅಯ್ಯೋ ಯಜಮಾನ್ರೇ, ಇದನ್ನ ಎಲ್ಲೂ ತೂರಿಸೋ ಹಾಗಿಲ್ಲ, ತಿರುಗಿಸೋ ಹಾಗಿಲ್ಲ. ಜೇಬಲ್ಲಿದ್ರೆ ಮುಗೀತು. ನಾನು ಬಂದೆ ಅಂತ ಅದಕ್ಕೇ ಗೊತ್ತಾಗತ್ತೆ, ನಾನು ಹೋದೆ ಅಂತಾನೂ ಗೊತ್ತಾಗತ್ತೆ. ನಮ್ಮ ಮನೇಲಿ ಇವಳೂ ನಿಮ್ಮ ಹಾಗೇನೇ. ಇಳಿದ ಮೇಲೆ ನಾಲ್ಕು ಬಾಗಿಲೂ ಎಳೆದೆಳೆದು ನೋಡ್ತಾಳೆ, ಮುಚ್ಚಿದೆಯೋ ಇಲ್ವೋ ಅಂತ. ನಾನು ರೇಗ್ತೀನಿ. ರೇಗಬಾರದು. ಅವಳಿಗೂ ಓಡ್ಸೋ ಆಸೆ ಇದೆ, ಬಾಯಿಬಿಟ್ಟು ಹೇಳಲ್ಲ, ರಾತ್ರಿ ಅಂಗಡಿ ಬಾಗಿಲು ಹಾಕುವಾಗ ಈ ಸೀಟಲ್ಲಿ ಕೂತಿರ್ತಾಳೆ, ನಾನು ನೋಡಿದೀನಿ. ಒಂದಿನ ನಿಧಾನಕ್ಕೆ ಕೂರಿಸಿ ಹೇಳ್ಕೊಡ್ಬೇಕು. ಮೊದಲು ಬ್ರೇಕ್ ಒತ್ತಬೇಕು, ಆಮೇಲೆ ಬಟನ್. ಬ್ರೇಕ್ ಒತ್ತದೆ ಬಟನ್ ಒತ್ತಿದ್ರೆ ಇದು ಏಳಲ್ಲ, ಅಲ್ಲೇ ಎಲ್ಲರೂ ತಪ್ಪು ಮಾಡೋದು. ಆಮೇಲೆ..."

ಮಾಸ್ತರರು ನಿಲ್ಲಿಸಿದರು.

"ಆಮೇಲೆ?" ಎಂದರು ಆಕೆ.

"ಅಲ್ಲಿಗೆ ನಿಲ್ಸಿದ್ರಮ್ಮ. ಎದೆ ಹತ್ರ ಒಂದ್ಸಲ ಕೈ ಇಟ್ಕೊಂಡ್ರು. ಇರಿ, ಬಂದು ಹೇಳ್ತೀನಿ ಅಂದ್ರು."

ಬೀದಿಯಲ್ಲಿ ಯಾರೋ ಸೈಕಲ್ ಬೆಲ್ ಬಾರಿಸುತ್ತ ಹೋದರು. ಆಕೆ ಕೀಯನ್ನು ಇಬ್ಬರ ನಡುವಿನ ಸಣ್ಣ ಜಾಗದಲ್ಲಿ ಇಟ್ಟರು. ಕಣ್ಣೊರೆಸಿಕೊಳ್ಳಲಿಲ್ಲ. ಒಮ್ಮೆ ತಮ್ಮ ಪಕ್ಕದ ಬಾಗಿಲನ್ನು ನೋಡಿದರು, ಒಮ್ಮೆ ಮಾಸ್ತರರ ಕಾಲ ಕೆಳಗಿನ ಪೆಡಲ್ ನೋಡಿದರು.

"ಇನ್ನೊಂದು ಸಲ ಹೇಳಿ," ಎಂದರು. "ಅಯ್ಯೋ ಯಜಮಾನ್ರೇ ಅನ್ನೋದರಿಂದ."

ಮಾಸ್ತರರು ಮತ್ತೆ ಮೊದಲಿನಿಂದ ಹೇಳತೊಡಗಿದರು.